ವೈರ್‌ಲೆಸ್ ಚಾರ್ಜರ್ ಬಿಚ್ಚಿ ನೋಡಿದ ಮಧ್ಯಾಹ್ನ

ದ್ವಿತೀಯ ಪಿಯುಸಿ ಓದುತ್ತಿರುವ ಅಣ್ಣನ ಮಗಳು ದಸರಾ ರಜೆಗೆ ನಮ್ಮ ಮನೆಗೆ ಬಂದಾಗ, ಕೆಟ್ಟುಹೋಗಿದ್ದ ವೈರ್‌ಲೆಸ್ ಚಾರ್ಜರ್ ಒಂದನ್ನು ಜೊತೆಗೆ ತಂದಿದ್ದಳು. 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರೊಳಗೂ ಕೆಲಸ ಮಾಡುತ್ತದೆ ಎಂದು ತರಗತಿಯಲ್ಲಿ ಕೇಳಿದ್ದನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಅಡಿಯ ರಬ್ಬರ್ ಹಾಳೆಯನ್ನು ಎಬ್ಬಿಸಿ, ಅದರ ಕೆಳಗಿದ್ದ ಸ್ಕ್ರೂಗಳನ್ನು ತೆಗೆದೆವು.

ಒಳಗಿದ್ದದ್ದು ಸೊಳ್ಳೆಬತ್ತಿಯಂತೆ ಚಪ್ಪಟೆಯಾಗಿ ಸುತ್ತಿದ ತಾಮ್ರದ ಸುರುಳಿ, ಅದರಡಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಪ್ಪು ಬಿಲ್ಲೆ, ಪಕ್ಕದಲ್ಲಿ ಪುಟ್ಟ ಸರ್ಕ್ಯೂಟ್ ಬೋರ್ಡ್. ಸುರುಳಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂಟಿ ತಂತಿಯಲ್ಲ, ಒಂದೊಂದಕ್ಕೂ ಬೇರೆಯಾಗಿ ಅರಗು ಬಳಿದ ಹತ್ತಾರು ತೆಳುವಾದ ಎಳೆಗಳ ಹೊಸೆತ. ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತು ತಂತಿಯ ಹೊರಮೈಯಲ್ಲೇ ಹೆಚ್ಚಾಗಿ ಹರಿಯುವುದರಿಂದ, ಎಳೆಗಳನ್ನು ಬೇರ್ಪಡಿಸಿದಷ್ಟೂ ತಾಮ್ರ ಹೆಚ್ಚು ಬಳಕೆಗೆ ಬರುತ್ತದೆ, ಕಾವು ತಗ್ಗುತ್ತದೆ. ಬೋರ್ಡಿನ ಮಾಸ್ಫೆಟ್‌ಗಳು, ಅಂದರೆ ಅತಿ ವೇಗದ ಎಲೆಕ್ಟ್ರಾನಿಕ್ ಸ್ವಿಚ್ಚುಗಳು, ಅಡಾಪ್ಟರಿನ ನೇರ ವಿದ್ಯುತ್ತನ್ನು ಸೆಕೆಂಡಿಗೆ ಒಂದರಿಂದ ಎರಡು ಲಕ್ಷ ಸಲ ಹಿಂದುಮುಂದಾಗಿ ಹರಿಸುತ್ತವೆ. ಅದರಿಂದ ಸುರುಳಿಯ ಸುತ್ತ ಏಳುವ, ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಫೋನಿನ ಬೆನ್ನಿನಲ್ಲಿರುವ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆಯೆಂದರೆ ಇದೇ.

“ಹಾಗಾದ್ರೆ ಚಿಕ್ಕಪ್ಪ, ಮೇಲೆ ಫೋನ್ ಇಲ್ದಿದ್ದಾಗ್ಲೂ ಕರೆಂಟ್ ಸುಮ್ನೆ ಹೋಗ್ತಾನೇ ಇರುತ್ತಾ?” ಎಂದಳು.

ಉತ್ತರ ಹೇಳುವ ಬದಲು, ಆ ಸುರುಳಿಯನ್ನು ಕಿತ್ತು, ಎರಡು ತುದಿಗಳಿಗೆ ಕೆಂಪು ಎಲ್‌ಇಡಿಯೊಂದನ್ನು ಬೆಸುಗೆ ಹಾಕಿ, ಸರಿಯಾಗಿ ಕೆಲಸ ಮಾಡುತ್ತಿದ್ದ ನನ್ನ ಚಾರ್ಜರಿನ ಮೇಲಿಟ್ಟೆ. ದೀಪ ಒಂದೇ ಸಮನೆ ಉರಿಯಲಿಲ್ಲ. ಮಿನುಗಿತು, ಆರಿತು, ಕೊಂಚ ಬಿಟ್ಟು ಮತ್ತೆ ಮಿನುಗಿತು. ಚಾರ್ಜರ್ ಆಗಾಗ ಕ್ಷಣಮಾತ್ರ ಶಕ್ತಿ ಕಳುಹಿಸಿ, ಮೇಲಿರುವ ವಸ್ತು ಮಾರುತ್ತರ ಕೊಡುವುದೇ ಎಂದು ಕಾಯುತ್ತದೆ. ಎಲ್‌ಇಡಿಗೆ ಮಾತು ಬರದ ಕಾರಣ ಚಾರ್ಜರ್ ಕೈಚೆಲ್ಲಿಬಿಡುತ್ತದೆ.

ನನ್ನ ಮಟ್ಟಿಗೆ ಈ ಉಪಕರಣದ ನಿಜವಾದ ಜಾಣತನ ಇರುವುದು ಇಲ್ಲಿ. ಫೋನು ಉತ್ತರಿಸಲು ಬ್ಲೂಟೂತ್ ಬಳಸುವುದಿಲ್ಲ. ತನ್ನ ಸುರುಳಿಯ ಮೇಲಿನ ವಿದ್ಯುತ್ ಹೊರೆಯನ್ನು ಕೊಂಚ ಏರಿಸುತ್ತ ಇಳಿಸುತ್ತ ಹೋಗುತ್ತದೆ, ಅದರಿಂದ ಕೆಳಗಿನ ಸುರುಳಿಯ ವೋಲ್ಟೇಜಿನಲ್ಲಿ ಆಗುವ ಸಣ್ಣ ಏರಿಳಿತವನ್ನು ಚಾರ್ಜರಿನ ಚಿಪ್ ಸೆಕೆಂಡಿಗೆ 2000 ಬಿಟ್‌ಗಳ ವೇಗದಲ್ಲಿ ಓದಿಕೊಳ್ಳುತ್ತದೆ. ಶಕ್ತಿ ಬರುವ ದಾರಿಯಲ್ಲೇ ಮಾತೂ ಹಿಂದಿರುಗುತ್ತದೆ. 2010ರಲ್ಲಿ ಮೊದಲ ಆವೃತ್ತಿ ಕಂಡ, ವೈರ್‌ಲೆಸ್ ಚಾರ್ಜಿಂಗಿನ ‘ಚೀ’ (Qi) ಮಾನದಂಡದ ಕ್ರಮವಿದು. ‘ಹೆಚ್ಚು ಬೇಕು’, ‘ಕಡಿಮೆ ಸಾಕು’ ಎಂದು ಫೋನು ಹೇಳುತ್ತಲೇ ಇರುತ್ತದೆ. ಹಲವು ಚಾರ್ಜರುಗಳು ಆವರ್ತನವನ್ನು, ಅಂದರೆ ವಿದ್ಯುತ್ತು ಹಿಂದುಮುಂದಾಗುವ ವೇಗವನ್ನು, ಏರಿಸಿ ಶಕ್ತಿಯನ್ನು ತಗ್ಗಿಸುತ್ತವೆ. ತನಗೆ ಎಷ್ಟು ಶಕ್ತಿ ತಲುಪಿತೆಂಬುದನ್ನೂ ಫೋನು ತಿಳಿಸುವುದರಿಂದ, ನಡುವೆ ನಾಣ್ಯವೋ ಕೀಲಿಯೋ ಸಿಕ್ಕಿಕೊಂಡು ಬಿಸಿಯಾಗುತ್ತಿದ್ದರೆ ಲೆಕ್ಕ ತಾಳೆಯಾಗದೆ ಚಾರ್ಜರ್ ತಾನಾಗಿ ನಿಲ್ಲುತ್ತದೆ.

ಫೋನನ್ನು ಓರೆಯಾಗಿ ಇಟ್ಟಾಗ ಅದು ಬಿಸಿಯಾಗುವುದೇಕೆ ಎಂಬುದೂ ಅವಳಿಗೆ ಆಗ ಹೊಳೆಯಿತು: ಸುರುಳಿಗಳು ಒಂದರ ಮೇಲೊಂದು ಕೂರದಿದ್ದರೆ ಫೋನು ಹೆಚ್ಚು ಶಕ್ತಿ ಕೇಳುತ್ತದೆ, ಚಾರ್ಜರ್ ಹೆಚ್ಚು ವಿದ್ಯುತ್ ಹರಿಸುತ್ತದೆ, ಆ ಹೆಚ್ಚಳದ ಬಹುಪಾಲು ಕಾವಾಗಿ ಪೋಲಾಗುತ್ತದೆ. 2023ರಲ್ಲಿ ಬಂದ ‘ಚೀ 2’ ಅಯಸ್ಕಾಂತದ ಬಳೆಯಿಂದ ಈ ತೊಂದರೆಯನ್ನು ನೀಗಿಸಿದೆ. ಅವಳ ಫೋನಿನಲ್ಲಿ ಅದಿರಲಿಲ್ಲವಾದ್ದರಿಂದ, ದಪ್ಪ ಕವರು ತೆಗೆದು, ಅತ್ತಿತ್ತ ಸರಿಸಿ ನೋಡಿ, ಸರಿಯಾದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆವು.