ದುಡ್ಡಿಲ್ಲ ಅಂತ ದಂಡ

ಗೃಹಲಕ್ಷ್ಮಿ ದುಡ್ಡು ಬಂದಿದೆ, ಆದರೆ ಎರಡು ಸಾವಿರ ಪೂರ್ತಿ ಇಲ್ಲ ಅಂತ ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದರು. ಸರ್ಕಾರದವರೇ ಕಡಿಮೆ ಹಾಕಿದ್ದಾರೆ ಅಂತ ಊರಲ್ಲಿ ಯಾರೋ ಅವರನ್ನು ನಂಬಿಸಿದ್ದರು. ಹಬ್ಬ ಮುಗಿದ ಮಾರನೇ ದಿನ ಅವರನ್ನು ಕರೆದುಕೊಂಡು ತಿಪಟೂರಿನ ಬ್ಯಾಂಕಿಗೆ ಹೋದೆ.

ಪಾಸ್‌ಬುಕ್ ಎಂಟ್ರಿ ಮಾಡಿಸಿ ಎಷ್ಟೋ ಕಾಲವಾಗಿತ್ತು. ಮೆಷಿನ್ ಕರಕರ ಅಂತ ಪುಟದ ಮೇಲೆ ಪುಟ ಅಚ್ಚು ಹಾಕಿತು. ಬೆಂಚಿನ ಮೇಲೆ ಕೂತು ಒಂದೊಂದೇ ಸಾಲು ಓದಿದೆ. ಮೂರು ತಿಂಗಳಿಗೊಮ್ಮೆ 17 ರೂಪಾಯಿ 70 ಪೈಸೆ: ಎಸ್‌ಎಂಎಸ್‌ಗೆ 15 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ವರ್ಷಕ್ಕೊಮ್ಮೆ 236 ರೂಪಾಯಿ ಎಟಿಎಂ ಕಾರ್ಡಿನ ಫೀಸು. ಆ ಕಾರ್ಡು ಇನ್ನೂ ಕವರಿನಿಂದ ಹೊರಗೇ ಬಂದಿಲ್ಲ. ದೇವರ ಗೂಡಿನಲ್ಲಿ ಕುಂಕುಮದ ಡಬ್ಬಿಯ ಕೆಳಗಿದೆ. ನಡುನಡುವೆ 118, ಮತ್ತೆ 118. ಅದು ಮಿನಿಮಮ್ ಬ್ಯಾಲೆನ್ಸ್ ಇಟ್ಟಿಲ್ಲ ಅಂತ ಹಾಕಿದ ದಂಡ. ಎರಡು ಸಾವಿರ ಬಂದು ಬೀಳುತ್ತಿದ್ದ ಹಾಗೆ ಹಿಂದಿನ ಬಾಕಿ ಎಲ್ಲ ಅದರಲ್ಲೇ ಮುರಿದುಕೊಂಡಿದ್ದರು.

"ಇಟ್ಕೊಳ್ಳೋಕೆ ದುಡ್ಡಿಲ್ಲ ಅಂದ್ರೆ, ಇರೋದನ್ನೂ ಕಿತ್ಕೋತಾರಾ?" ಅಂದರು ದೊಡ್ಡಮ್ಮ. ನನಗೆ ಉತ್ತರ ಹೊಳೆಯಲಿಲ್ಲ.

ಮ್ಯಾನೇಜರ್ ಒರಟಾಗಿ ಮಾತಾಡಲಿಲ್ಲ. "ಸಿಸ್ಟಮ್ ತಾನಾಗೇ ಕಟ್ ಮಾಡುತ್ತೆ ಸರ್, ಮೆಸೇಜ್ ಹೋಗಿರುತ್ತಲ್ವಾ?" ಅಂದರು. ಯಾವ ನಂಬರಿಗೆ ಅಂತ ಕೇಳಿದೆ. ನೋಡಿದರೆ ಅದು ದೊಡ್ಡಪ್ಪನ ನಂಬರು. ಅವರು ತೀರಿಕೊಂಡ ಮೇಲೆ ಆ ಸಿಮ್ ಬಂದ್ ಆಗಿದೆ. ಯಾರೂ ಓದದ ಮೆಸೇಜಿಗೂ ದೊಡ್ಡಮ್ಮ ಚಾರ್ಜ್ ಕಟ್ಟಿದ್ದಾರೆ! ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅಲ್ಲಿ.

ರಿಸರ್ವ್ ಬ್ಯಾಂಕಿನ ನಿಯಮ 2015ರ ಏಪ್ರಿಲ್‌ನಿಂದಲೇ ಇದೆ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಗ್ರಾಹಕರಿಗೆ ತಿಳಿಸಬೇಕು, ಸರಿಮಾಡಿಕೊಳ್ಳೋಕೆ ಒಂದು ತಿಂಗಳು ಕೊಡಬೇಕು, ಎಷ್ಟು ಕಡಿಮೆಯೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು. ದಂಡದಿಂದಲೇ ಖಾತೆ ಮೈನಸ್‌ಗೆ ಹೋಗುವ ಹಾಗಿಲ್ಲ. ಇದನ್ನೆಲ್ಲ ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು.

ಇದು ಸಣ್ಣ ದುಡ್ಡು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. 2023-24ರವರೆಗಿನ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ದಂಡ ಅಂತಲೇ ಸುಮಾರು 8,500 ಕೋಟಿ ರೂಪಾಯಿ ವಸೂಲಿ ಮಾಡಿವೆ. ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ ಇದು. ಲಕ್ಷಗಟ್ಟಲೆ ಇಟ್ಟವರು ಈ ದಂಡ ಕಟ್ಟೋದಿಲ್ಲ. ಕಟ್ಟೋದು ದೊಡ್ಡಮ್ಮನಂಥವರು.

ದಂಡ ಇಲ್ಲದೆ ಬ್ಯಾಂಕ್ ನಡೆಯಲ್ಲ ಅನ್ನೋದೂ ಸುಳ್ಳು. ಎಸ್‌ಬಿಐ 2020ರಲ್ಲೇ ಇದನ್ನು ಬಿಟ್ಟಿತು. ನಮ್ಮ ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎಲ್ಲ ಉಳಿತಾಯ ಖಾತೆಗಳಿಗೂ ಬಿಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕ್ ದೊಡ್ಡ ನಗರಗಳ ಹೊಸ ಖಾತೆಗೆ 50,000 ರೂಪಾಯಿ ಮಿನಿಮಮ್ ಅಂದಾಗ ಜನ ರೊಚ್ಚಿಗೆದ್ದರು. ಕೆಲವೇ ದಿನದಲ್ಲಿ ಅದು 15,000ಕ್ಕೆ ಇಳಿಯಿತು. ನಗರದವರು ಕೂಗಿದರೆ ಕೇಳಿಸುತ್ತೆ. ಪಾಸ್‌ಬುಕ್ ಓದೋಕೆ ಬಾರದವರು ಯಾರ ಮುಂದೆ ಕೂಗಬೇಕು?

ಕೊನೆಗೆ ದೊಡ್ಡಮ್ಮನ ಖಾತೆಯನ್ನು ಬೇಸಿಕ್ ಉಳಿತಾಯ ಖಾತೆ ಮಾಡಿಸಿದೆವು. ಅದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಅನ್ನೋದೇ ಇಲ್ಲ. ತಿಂಗಳಿಗೆ ನಾಲ್ಕು ಸಲ ಪುಕ್ಕಟೆಯಾಗಿ ದುಡ್ಡು ತೆಗೆಯಬಹುದು, ಅವರಿಗೆ ಅಷ್ಟು ಸಾಕು. ಇಂಥ ಖಾತೆ ಎಲ್ಲ ಬ್ಯಾಂಕಿನಲ್ಲೂ ಇದೆ. ಆದರೆ ಕೇಳದೆ ಯಾರೂ ಹೇಳಲ್ಲ. ಫಾರಂಗೆ ದೊಡ್ಡಮ್ಮ ನಿಧಾನವಾಗಿ ಸಹಿ ಹಾಕಿದರು. ಹೊಸ ಮೊಬೈಲ್ ನಂಬರನ್ನೂ ಬರೆಸಿದೆವು.

118ರ ದಂಡಗಳು ಮುಂದಿನ ವಾರ ಖಾತೆಗೆ ವಾಪಸ್ ಬಂದವು. ಕಾರ್ಡಿನ ಫೀಸು ಮತ್ತು ಎಸ್‌ಎಂಎಸ್ ಚಾರ್ಜ್ ಬಂದಿಲ್ಲ. ಅದಕ್ಕೆ ಬೇರೆ ಅರ್ಜಿ ಬರೆದು, ನಕಲಿನ ಮೇಲೆ ಬ್ಯಾಂಕಿನ ಸೀಲ್ ಹಾಕಿಸಿಕೊಂಡಿದ್ದೇನೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ. ಅದಕ್ಕೆ ಫೀಸಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರೂ ತಮ್ಮ ಪಾಸ್‌ಬುಕ್ ತಂದು ಕೊಟ್ಟಿದ್ದಾರೆ, ಅದನ್ನೂ ಎಂಟ್ರಿ ಮಾಡಿಸಬೇಕು.