ಎರಡು ಲೋಟ ನೀರು

ನನ್ನ ಮಗಳು ಅಂಗನವಾಡಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ನೀರು ಕೇಳುತ್ತಿದ್ದಳು. ಒಂದಲ್ಲ, ಎರಡು ಲೋಟ. ಗಟಗಟ ಕುಡಿದ ಮೇಲೆಯೇ ಮಾತು. ಬಿಸಿಲು ಅಲ್ವಾ, ಕುಣಿದು ಬಂದಿರುತ್ತಾಳೆ ಅಂತ ನಾನೂ ಸುಮ್ಮನಿದ್ದೆ. ನಿಜವಾದ ಕಾರಣ ಗೊತ್ತಾಗಿದ್ದು ಫೆಬ್ರವರಿಯ ಒಂದು ಮಂಗಳವಾರ, ಮನೆಯಲ್ಲೇ ಮರೆತಿದ್ದ ಅವಳ ಬಾಟಲಿ ಕೊಡಲು ಹೋದಾಗ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಟೀಚರ್ ಕೈಯಲ್ಲಿ ಸೌಟು ಹಿಡಿದೇ ಬಂದು ತೆಗೆದರು. "ತೆಗೆದಿಟ್ರೆ ರೋಡಿಗೆ ಓಡ್ತವೆ ಕಣಮ್ಮ, ನಾನು ಒಲೆ ಮುಂದೆ ಇರ್ತೀನಿ, ಯಾರು ನೋಡ್ಕೋತಾರೆ?" ಅಂದರು. ಆಮೇಲೆ ಕೇಳಲೋ ಬೇಡವೋ ಅನ್ನುವ ಹಾಗೆ, "ಒಂದರ್ಧ ಗಂಟೆ ಕೂತ್ಕೋತೀಯಾ?" ಅಂದರು. ಅರ್ಧ ಗಂಟೆ ಅಂತ ಕೂತವಳು ಎದ್ದಿದ್ದು ಸಂಜೆ ನಾಲ್ಕಕ್ಕೆ.

ಇಲ್ಲಿನ ಸಹಾಯಕಿ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಆ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಅಂಗನವಾಡಿಯ ಲೆಕ್ಕವೇ ಇಬ್ಬರದು, ಪಾಠ ಹೇಳಲು ಒಬ್ಬರು, ಅಡುಗೆಗೆ, ಮಕ್ಕಳನ್ನು ತೊಳೆಯಲು ಬಳಿಯಲು ಇನ್ನೊಬ್ಬರು. 1975ರ ಅಕ್ಟೋಬರ್ 2ಕ್ಕೆ ಅಂಗನವಾಡಿ ಯೋಜನೆ ಶುರುವಾಗಿ, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರಕ್ಕೆ ಬಂದಿದ್ದು. ಆಮೇಲೆ ಕೆಲಸ ಮಾತ್ರ ಬೆಳೆಯುತ್ತಲೇ ಹೋಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣ ಊಟ ಬಂತು, 2021ರಲ್ಲಿ ಹಾಜರಿ, ತೂಕ ತುಂಬಿಸಲು ಮೊಬೈಲಿಗೆ ಪೋಷಣ್ ಟ್ರ್ಯಾಕರ್ ಅನ್ನುವ ಆಪ್ ಬಂತು. ಒಂದೊಂದೂ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ, ಆದರೆ ಅಷ್ಟನ್ನೂ ಮಾಡಲು ಇಲ್ಲಿ ಇದ್ದದ್ದು ಒಬ್ಬರ ಎರಡು ಕೈ.

ಅವತ್ತು ಹದಿನೇಳು ಮಕ್ಕಳು ಬಂದಿದ್ದರು. ಟೀಚರ್ ಹಾಲಿನ ಪುಡಿ ಗಂಟಾಗದ ಹಾಗೆ ಕಲಸುತ್ತಾ ಅಡುಗೆಮನೆಯಿಂದಲೇ "ಅ, ಆ" ಅಂತ ಕೂಗುತ್ತಿದ್ದರು, ಮಕ್ಕಳು ಗೋಡೆ ನೋಡಿಕೊಂಡು ತಿರುಗಿ ಕೂಗುತ್ತಿದ್ದರು. ಮೂರರಿಂದ ಆರು ವರ್ಷದವರಿಗೆ ಕಲಿಕೆ ಅಂದರೆ ಆಟ, ಕಥೆ, ಹತ್ತಿರ ಕೂರಿಸಿಕೊಂಡು ಮಾತಾಡುವುದು, ಅಲ್ವಾ. ಇಲ್ಲಿ ದನಿ ಮಾತ್ರ ಬರುತ್ತಿತ್ತು.

ಮೂಲೆಯಲ್ಲಿ ಒಬ್ಬ ಹುಡುಗ ಅಲುಗಾಡದೆ ಕೂತಿದ್ದ. ಹತ್ತಿರ ಹೋದರೆ ಚಡ್ಡಿ ಪೂರ್ತಿ ಒದ್ದೆ. ಅತ್ತಿರಲಿಲ್ಲ, ಕರೆದಿರಲಿಲ್ಲ. ಕರೆದರೂ ಯಾರೂ ಬರುವುದಿಲ್ಲ ಅಂತ ಅವನಿಗೆ ಯಾವತ್ತೋ ಗೊತ್ತಾಗಿಹೋಗಿತ್ತು ಅನ್ನಿಸುತ್ತದೆ. ತೊಳೆದು, ಬೇರೆ ಚಡ್ಡಿ ಹಾಕಿದೆ. ನನ್ನ ಮುಖವನ್ನೇ ನೋಡುತ್ತಿದ್ದ.

ಮಕ್ಕಳ ಬಾಟಲಿಗಳು ಬೀರುವಿನ ಮೇಲೆ ಸಾಲಾಗಿ ಕೂತಿದ್ದವು. ಯಾಕೆ ಟೀಚರ್, ಕೈಗೆ ಸಿಗಲ್ವಲ್ಲ, ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನೀರು ಜಾಸ್ತಿ ಕುಡಿದ್ರೆ ಒಬ್ಬೊಬ್ರನ್ನೇ ಹೊರಗೆ ಕರ್ಕೊಂಡು ಹೋಗ್ಬೇಕಮ್ಮ. ಅಷ್ಟು ಹೊತ್ತು ಒಳಗೆ ಕುಕ್ಕರ್, ಇಷ್ಟು ಮಕ್ಕಳು. ಊಟಕ್ಕೆ ಕೂತಾಗ ಕೊಡ್ತೀನಿ."

ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಮಗುವಿಗೆ ನೀರು ಕೊಡದೆ ಇರುವುದಾ? ಆದರೆ ಒಂದು ಗಂಟೆ ಅವರ ಜಾಗದಲ್ಲಿ ನಿಂತ ಮೇಲೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ನಾನು ಇಬ್ಬರನ್ನು ಹೊರಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಒಳಗೆ ಒಬ್ಬಳು ಇನ್ನೊಬ್ಬಳ ಕೂದಲು ಹಿಡಿದಿದ್ದಳು. ಟೀಚರ್ ಆಗ ಬಂದ ಗರ್ಭಿಣಿಯೊಬ್ಬರ ತೂಕ ಬರೆದುಕೊಳ್ಳುತ್ತಿದ್ದರು, ಮಧ್ಯೆ ಮೊಬೈಲಿನ ಆಪ್ ತೆರೆಯದೆ ಅದರ ಜೊತೆ ಗುದ್ದಾಟ. ಹಾಜರಿ, ಮೊಟ್ಟೆ, ತೂಕ, ಎಲ್ಲಾ ಪುಸ್ತಕವೂ ಅಚ್ಚುಕಟ್ಟು. ಒದ್ದೆ ಚಡ್ಡಿಗೆ ಯಾವ ಪುಸ್ತಕದಲ್ಲೂ ಕಾಲಂ ಇಲ್ಲ.

ಊಟ ಬಡಿಸುವಾಗ ಟೀಚರ್ ಹೇಳಿದರು, "ನಿನ್ನ ಮಗಳು ಬಂಗಾರ. ಕೂರಿಸಿದ ಜಾಗದಿಂದ ಏಳಲ್ಲ." ಹಿಂದೆಯೂ ಹೀಗೇ ಹೇಳಿದ್ದರು, ಆಗ ನಾನು ಅತ್ತೆಯ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಮನೆಯಲ್ಲಿ ಅವಳು ಕೋತಿ, ಕಿಟಕಿ ಸರಳಿಗೆ ನೇತಾಡುವವಳು.

ಪಕ್ಕದ ಮನೆಯ ಅಕ್ಕ ಕಾನ್ವೆಂಟಿಗೆ ಹಾಕು ಅನ್ನುತ್ತಾರೆ. ಅಲ್ಲಿ ಹೋಗಿ ನೋಡಿದ್ದೇನೆ, ಮೂವತ್ತು ಮಕ್ಕಳಿಗೆ ಒಬ್ಬರೇ ಮಿಸ್, ಫೀಸು ಬೇರೆ. ಸಹಾಯಕಿ ಬೇಕು ಅಂತ ನಾವು ತಾಯಂದಿರು ಹನ್ನೊಂದು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ, ಹುದ್ದೆಗೆ ಕರೆಯುತ್ತಾರೆ, ಕಾಯಿರಿ ಅಂದಿದ್ದಾರೆ.

ಅವತ್ತು ಬಾಟಲಿಗಳನ್ನು ಕೆಳಗಿಳಿಸಿದ್ದೆ. ಸಂಜೆ ಮನೆಗೆ ಬಂದ ಮಗಳು ನೀರು ಕೇಳಲೇ ಇಲ್ಲ, ಚಪ್ಪಲಿ ಎಸೆದು ನೇರ ಕಿಟಕಿಗೆ ಹತ್ತಿದಳು. ರಾತ್ರಿ ಟೀಚರ್ ಫೋನ್ ಬಂತು. ನಾಳೆ ತಾಲ್ಲೂಕಿನಲ್ಲಿ ಮೀಟಿಂಗ್, ಬೆಳಿಗ್ಗೆಯೇ ಹೋಗಬೇಕು, ಸ್ವಲ್ಪ ಬರ್ತೀಯಾ ಅಂತ. ಮಷೀನಿನ ಮೇಲೆ ಮೂರು ಬ್ಲೌಸ್ ಹೊಲಿಯುವುದು ಬಾಕಿ ಇತ್ತು, ಶುಕ್ರವಾರದ ಮದುವೆಗೆ ಕೊಡಬೇಕಾದವು. ಎಷ್ಟೊತ್ತಿಗೆ ಬರಬೇಕು ಟೀಚರ್, ಅಂದೆ.