ಉಪ್ಪು ತಿಂದ ತಗಡು: ನಮ್ಮ 1970ರ ಡಸ್ಟರ್‌ನ ಲೆಕ್ಕ

ಮಿಶಿಗನ್‌ನಲ್ಲಿರುವ ನಮ್ಮ ಮನೆಯ ಗರಾಜಿಗೆ 1970ರ ಪ್ಲಿಮತ್ ಡಸ್ಟರ್ ಬಂದು ಈ ಆಗಸ್ಟಿಗೆ ಆರು ವರ್ಷ ತುಂಬುತ್ತದೆ. ಭಾರತದಲ್ಲಿ ರೆನೊ ಕಂಪನಿ ಮಾರಿದ ಡಸ್ಟರ್‌ಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಕ್ರೈಸ್ಲರ್ ಕಂಪನಿಯು ತನ್ನ ಅಗ್ಗದ ವೇಲಿಯಂಟ್ ಕಾರಿನ ತಳಹದಿಯ ಮೇಲೆ ಹೊಸ ಮೈಕಟ್ಟು ಕೂರಿಸಿ ಹೊರತಂದ ಎರಡು ಬಾಗಿಲಿನ ಕಾರು ಇದು. ಹಗುರವಾದ ಮೈಯೊಳಗೆ ದೊಡ್ಡ ವಿ8 ಎಂಜಿನ್ ಇಟ್ಟು, ಸಾಧಾರಣ ಸಂಬಳದವರ ಕೈಗೆಟಕುವ ಬೆಲೆಗೆ ವೇಗವನ್ನು ಒದಗಿಸುವ ಪದ್ಧತಿ 1964ರ ಪಾಂಟಿಯಾಕ್ ಜಿಟಿಒ ಮೂಲಕ ಜನಪ್ರಿಯವಾಗಿತ್ತು. ಅಂಥ ಮಸಲ್ ಕಾರುಗಳಿಗೆ ವಿಮೆಯ ಕಂತು ಏರುತ್ತಾ, ಹೊಗೆಯ ನಿಯಮಗಳು ಬಿಗಿಯಾಗುತ್ತಾ ಬಂದ ಹೊತ್ತಿನಲ್ಲಿ ಹುಟ್ಟಿದ್ದು ಡಸ್ಟರ್. ಅದರ ಹೆಸರುವಾಸಿ ರೂಪ 275 ಅಶ್ವಶಕ್ತಿಯ ಡಸ್ಟರ್ 340. ನನ್ನದು ಅದಲ್ಲ, 318 ಘನ ಇಂಚಿನ, ಅಂದರೆ 5.2 ಲೀಟರಿನ, ಕಂಪನಿಯೇ 230 ಅಶ್ವಶಕ್ತಿ ಎಂದು ಹೇಳಿಕೊಂಡಿದ್ದ ಸಾಧಾರಣ ಎಂಜಿನ್ನಿನ ಕಾರು.

ಮನೆಗೆ ಬಂದವರೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಖರ್ಚಾಯಿತು, ಮಾರಿದರೆ ಎಷ್ಟು ಬರುತ್ತದೆ? ಆರು ವರ್ಷದ ಅನುಭವದ ಮೇಲೆ ಹೇಳುವುದಾದರೆ, ಎರಡಕ್ಕೂ ಉತ್ತರ ಬಹುಪಾಲು ಕಾರಿನ ತಗಡಿನಲ್ಲೇ ಇದೆ.

ಈ ಸೀಮೆಯಲ್ಲಿ ಚಳಿಗಾಲದ ಉದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಆ ಉಪ್ಪು ಕೆಸರಿನೊಂದಿಗೆ ಕಾರಿನ ಅಡಿಯ ಸಂದುಗೊಂದುಗಳಲ್ಲಿ ಕುಳಿತು, ಹಿಮ ಕರಗಿದ ಮೇಲೂ ವರ್ಷಗಟ್ಟಲೆ ಕಬ್ಬಿಣವನ್ನು ತಿನ್ನುತ್ತದೆ. ಕೊಳ್ಳುವ ದಿನ ನಾನು ಬೋನೆಟ್ ತೆರೆದು ಎಂಜಿನ್ನಿನ ಸದ್ದು ಕೇಳುತ್ತಾ ನಿಂತೆನೇ ಹೊರತು ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಲಿಲ್ಲ. ಮಾರಿದವರು ಅಡಿಭಾಗಕ್ಕೆಲ್ಲ ದಪ್ಪನೆಯ ಕಪ್ಪು ಲೇಪ ಬಳಿಸಿದ್ದರು. ಮನೆಗೆ ತಂದ ವಾರದಲ್ಲೇ ಚಾಲಕನ ಪಾದದಡಿಯ ತಗಡಿನ ಮೇಲೆ ಸ್ಕ್ರೂಡ್ರೈವರ್ ಒತ್ತಿದಾಗ ಅದು ಹಪ್ಪಳ ಚುಚ್ಚಿದಂತೆ ಒಳಗಿಳಿದು ನೆಲ ಮುಟ್ಟಿತು. ಈಗ ಯಾರಾದರೂ ಕಾರು ನೋಡಲು ಕರೆದರೆ ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಒಯ್ಯುತ್ತೇನೆ. ಅದು ಅಂಟದೆ ಜಾರಿದ ಕಡೆ ಬಣ್ಣದಡಿ ಪುಟ್ಟಿ ಇದೆ ಎಂದೇ ಲೆಕ್ಕ. ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂತುದಿ ಹಿಡಿದಿರುವ ಜಾಗ, ಮುಂದಿನ ಟಾರ್ಷನ್ ಬಾರ್‌ಗಳ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳ) ಹಿಂತುದಿ ಕೂರುವ ಅಡ್ಡತೊಲೆ, ಮುಂಗಾಜಿನ ಬುಡದ ಗಾಳಿಗೂಡು: ಈ ಮೂರು ಕಡೆ ತುಕ್ಕು ತೂತು ಕೊರೆದಿದ್ದರೆ, ಎಂಜಿನ್ ಎಷ್ಟೇ ಸೊಗಸಾಗಿ ಓಡುತ್ತಿದ್ದರೂ, ಸಣ್ಣ ಜೇಬಿನವರು ಆ ಕಾರನ್ನು ಬಿಟ್ಟು ಬರಬೇಕು.

ನನ್ನ ಕಾರಿನಲ್ಲಿ ಆ ಮೂರೂ ಗಟ್ಟಿಯಾಗಿದ್ದವು, ಅದು ನನ್ನ ಪುಣ್ಯ. ನೆಲದ ತಗಡು ಬದಲಿಸಲು ಅಂಗಡಿಯವರು ಕೇಳಿದ ಕೂಲಿ ನನಗೆ ಭಾರವಾದ್ದರಿಂದ ಸಮುದಾಯ ಕಾಲೇಜೊಂದರ ಸಂಜೆ ತರಗತಿಗೆ ಸೇರಿ ತಂತಿ ಕರಗಿಸಿ ತಗಡು ಬೆಸೆಯುವ ಮಿಗ್ ವೆಲ್ಡಿಂಗ್ ಕಲಿತೆ. ತಯಾರಾದ ನೆಲದ ತಗಡುಗಳು ಸಿಗುತ್ತವೆ, ಆದರೆ ಕೂರಿಸುವುದು ತಾಳ್ಮೆಯ ಕೆಲಸ. ಗೆರೆ ಎಳೆದಂತೆ ಒಂದೇ ಸಮನೆ ಬೆಸೆದರೆ ತೆಳು ತಗಡು ಕಾದು ಸೊಟ್ಟಗಾಗುತ್ತದೆ. ಹಾಗಾಗಿ ಇಲ್ಲೊಂದು ಚುಕ್ಕೆ, ಗೇಣು ದೂರದಲ್ಲಿ ಇನ್ನೊಂದು ಚುಕ್ಕೆ ಹಾಕಿ, ಅಂಗೈ ಇಟ್ಟರೆ ಸುಡದಷ್ಟು ಆರಲು ಬಿಟ್ಟು, ಆಮೇಲೆ ನಡುವಿನ ಸಂದುಗಳನ್ನು ತುಂಬುತ್ತಾ ಹೋಗಬೇಕು. ಎರಡು ಅಡಿಯ ಬೆಸುಗೆಗೆ ಒಂದು ಶನಿವಾರ ಪೂರ್ತಿ ಹೋಗುತ್ತಿತ್ತು. ಆ ಚಳಿಗಾಲದಲ್ಲಿ ನಾನು ಹೆಚ್ಚು ಹಣ ಉಳಿಸಿದ್ದೂ ಹೆಚ್ಚು ಕಲಿತದ್ದೂ ಅಲ್ಲೇ.

ಎಂಜಿನ್ನಿನ ಕೆಲಸ ಅದಕ್ಕಿಂತ ಸುಲಭವಾಯಿತು. ಈ 318 ಎಂಬುದು ದಶಕಗಳ ಕಾಲ ಕಾರುಗಳಲ್ಲೂ ಟ್ರಕ್ಕುಗಳಲ್ಲೂ ಬಳಕೆಯಾದ ಎಂಜಿನ್ ಆದ್ದರಿಂದ ಬಿಡಿಭಾಗ ಅಗ್ಗ. ಆದರೆ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ನೋಡಿಕೊಳ್ಳುವ, ಕಾರ್ಖಾನೆಯಲ್ಲಿ ಹಾಕಿದ ಟೈಮಿಂಗ್ ಗಿಯರಿನ ಹಲ್ಲುಗಳಿಗೆ, ಸದ್ದು ಕಡಿಮೆಯಾಗಲೆಂದು, ನೈಲಾನ್ ಹೊದಿಸಿರುತ್ತಾರೆ. ಐವತ್ತು ವರ್ಷದ ಶಾಖಕ್ಕೆ ಅದು ಪೆಡಸಾಗಿ ಉದುರುತ್ತದೆ. ನಾನು ಆಯಿಲ್ ಪ್ಯಾನ್ ಇಳಿಸಿದಾಗ ಅದರ ತಳದಲ್ಲಿ ಕಂದು ಬಣ್ಣದ ಚೂರುಗಳು, ಹುರಿದ ಕಡಲೆಯ ಸಿಪ್ಪೆಯಂತೆ, ಆಯಿಲ್ ಹೀರುವ ಕೊಳವೆಯ ಜಾಲರಿಗೆ ಅಂಟಿಕೊಂಡಿದ್ದವು. ಇನ್ನಷ್ಟು ಚೂರು ಸೇರಿದ್ದರೆ ಆಯಿಲ್ ಒತ್ತಡ ಬಿದ್ದು ಬೇರಿಂಗುಗಳು ಸವೆದುಹೋಗುತ್ತಿದ್ದವು. ಪೂರ್ತಿ ಉಕ್ಕಿನ ಗಿಯರ್ ಮತ್ತು ಹೊಸ ಚೈನು ಹಾಕಲು ನೂರು ಡಾಲರಿನೊಳಗೆ ಮುಗಿಯಿತು.

ಕಿಡಿಯ ವ್ಯವಸ್ಥೆ ನನಗೆ ಊರನ್ನು ನೆನಪಿಸಿತು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳಲ್ಲಿ ಇದ್ದಂಥದೇ, ವಿದ್ಯುತ್ತನ್ನು ಕಡಿದು ಕೂಡಿಸಿ ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟ್ ಈ ಡಸ್ಟರ್‌ನಲ್ಲೂ ಇದೆ. ಹುಡುಗನಾಗಿದ್ದಾಗ ಅಪ್ಪನ ಯೆಜ್ದಿಯ ಪಾಯಿಂಟನ್ನು ಸಣ್ಣ ಮರಳುಕಾಗದದಲ್ಲಿ ಉಜ್ಜಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡುತ್ತಿದ್ದ ಕೈ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ಕೀಲಿ ತಿರುಗಿಸಿದಾಗ ಹೊತ್ತಿಕೊಂಡ ಎಂಜಿನ್, ಕೀಲಿ ಬಿಟ್ಟೊಡನೆ ಆರಿಹೋದರೆ ಬೇರೆಲ್ಲೂ ಹುಡುಕುವ ಮೊದಲು, ಕಿಡಿಯ ವ್ಯವಸ್ಥೆಗೆ ಹೋಗುವ ವಿದ್ಯುತ್ತನ್ನು ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ನೋಡಬೇಕು. ಬಿಳಿ ಪಿಂಗಾಣಿಯ ಆ ತುಂಡಿನ ಬೆಲೆ ಅತ್ಯಲ್ಪ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಸದಾ ಇರುತ್ತದೆ. ಇನ್ನೊಂದು ಪಾಠ ಚಕ್ರದ ನಟ್ಟಿನದು. ಆ ಕಾಲದ ಕ್ರೈಸ್ಲರ್ ಕಾರುಗಳ ಎಡಬದಿಯ ನಟ್ಟುಗಳಿಗೆ ತಿರುವುಮುರುವಾದ ಮರೆ (ಥ್ರೆಡ್) ಇರುತ್ತದೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಅದು ತಿಳಿಯದೆ ಉದ್ದನೆಯ ಪೈಪು ಹಾಕಿ ಬಲವಾಗಿ ಎಡಕ್ಕೆ ಎಳೆದು ಒಂದು ಸ್ಟಡ್ ಮುರಿದೆ.

ಹಣ ಕಡಿಮೆಯಿದ್ದಾಗ ಮೊದಲು ಬ್ರೇಕಿಗೆ ಹಾಕಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದ ನನ್ನ ಕಾರು ಮಳೆಯಲ್ಲಿ ಒಂದು ಬದಿಗೆ ಎಳೆಯುತ್ತಿತ್ತು. 1973ರಿಂದ 1976ರವರೆಗಿನ ಡಸ್ಟರ್ ಮತ್ತು ಅದೇ ಕ್ರೈಸ್ಲರ್ ಕಂಪನಿಯ ಡಾಡ್ಜ್ ಡಾರ್ಟ್ ಕಾರುಗಳ ಮುಂದಿನ ಡಿಸ್ಕ್ ಬ್ರೇಕಿನ ಭಾಗಗಳು ಇದಕ್ಕೆ ಕೂಡುತ್ತವೆ. ಚಕ್ರದ ಬೋಲ್ಟುಗಳ ಅಳತೆ ಬೇರೆಯಾದ್ದರಿಂದ ಮುಂದಿನ ಚಕ್ರಗಳನ್ನೂ ಬದಲಿಸಬೇಕಾಗುತ್ತದೆ. ಹಳೆಯ ಡ್ರಮ್ಮುಗಳಿಗೆ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಮುಂದೆ ಕೊಳ್ಳುವವರು ಮೂಲ ಭಾಗ ಕೇಳಿದರೆ ಕೊಡಲು ಸಾಧ್ಯವಾಗಬೇಕು.

ಬೆಲೆಯ ಮಾತಿಗೆ ಬಂದರೆ, ನಾನು ಕೊಟ್ಟದ್ದು 6,800 ಡಾಲರ್. ಆರು ವರ್ಷದಲ್ಲಿ ಹಾಕಿದ್ದು 9,400 ಡಾಲರ್. ನನ್ನ ಕೂಲಿಯನ್ನು ಸೇರಿಸಿಲ್ಲ. ಈ 16,200 ಕಾರಿನ ಬೆಲೆಯಲ್ಲ, ಖರ್ಚಿನ ಮೊತ್ತ ಮಾತ್ರ, ಮತ್ತು ಇವೆರಡನ್ನು ಒಂದೇ ಎಂದು ತಿಳಿದು ಜಾಹೀರಾತು ಕೊಟ್ಟವರ ಕಾರುಗಳು ತಿಂಗಳುಗಟ್ಟಲೆ ಮಾರಾಟವಾಗದೆ ನಿಂತಿರುವುದನ್ನು ಕಂಡಿದ್ದೇನೆ. ನಮ್ಮ ರಾಜ್ಯದ ಟ್ರಾವರ್ಸ್ ಸಿಟಿಯ ಹ್ಯಾಗರ್ಟಿ ಕಂಪನಿ ಹಳೆಯ ಕಾರುಗಳನ್ನು ಒಂದರಿಂದ ನಾಲ್ಕರವರೆಗೆ ದರ್ಜೆ ಮಾಡಿ ಬೆಲೆ ಪ್ರಕಟಿಸುತ್ತದೆ. ಪ್ರದರ್ಶನದ ಕಾರು ಒಂದನೆಯದು. ದಿನನಿತ್ಯ ಓಡಿಸಬಹುದಾದ, ಅಲ್ಲಲ್ಲಿ ಕಲೆಯಿರುವ ನನ್ನದು ಮೂರನೆಯದು. ಮೂರರಿಂದ ಎರಡಕ್ಕೆ ಏರಿಸಲು ಬೇಕಾದ ಬಣ್ಣ, ಕ್ರೋಮ್ ಕೆಲಸದ ವೆಚ್ಚ, 318ರಂಥ ಕಾರಿನಲ್ಲಿ, ಏರುವ ಬೆಲೆಗಿಂತ ಹೆಚ್ಚು. ಹಾಗಾಗಿ ಹಳೆಯ ಬಣ್ಣವನ್ನೇ ಪಾಲಿಶ್ ಮಾಡಿ ಉಳಿಸಿಕೊಂಡೆ.

ಕಪ್ಪು ಪಟ್ಟಿ ಅಂಟಿಸಿ 340 ಎಂದು ಬರೆಸಿದರೆ ಬೆಲೆ ಬರುತ್ತದೆ ಎಂದು ಸಲಹೆ ಕೊಟ್ಟವರಿದ್ದಾರೆ. ನಾನು ಅದನ್ನು ಮೋಸ ಎಂದೇ ಭಾವಿಸುತ್ತೇನೆ. ಡ್ಯಾಶ್‌ಬೋರ್ಡಿನ ಮೇಲೆ ಮುಂಗಾಜಿನ ಮೂಲಕ ಕಾಣುವ, ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆಯ ಐದನೆಯ ಅಕ್ಷರ ಎಂಜಿನ್ನಿನದು: ನಿಜವಾದ 1970ರ 340ರದು ‘ವಿಎಸ್29ಎಚ್’ ಎಂದು ಆರಂಭವಾಗುತ್ತದೆ, ನನ್ನದು ‘ವಿಎಲ್29ಜಿ’. ಬೋನೆಟ್ಟಿನಡಿ ಎಡಭಾಗದಲ್ಲಿ ತಿರುಪು ಹಾಕಿದ ಸಣ್ಣ ತಗಡಿನ ಮೇಲೆ ಕಾರ್ಖಾನೆ ಒತ್ತಿದ ಸಂಕೇತಗಳೂ ಅದನ್ನೇ ಹೇಳುತ್ತವೆ. ಆ ತಗಡನ್ನು ಬಣ್ಣ ಬಳಿಯದೆ, ಕಳಚದೆ ಕಾಪಾಡಿರುವುದೇ ನನ್ನ ಕಾರಿನ ಬೆಲೆಗೆ ಹೊಸ ಕಾರ್ಬುರೇಟರ್‌ಗಿಂತ ಹೆಚ್ಚು ಬಲ ಕೊಟ್ಟಿದೆ.

ನಿರ್ವಹಣೆಗೆ ವರ್ಷಕ್ಕೆ ದೊಡ್ಡ ಮೊತ್ತ ಬೇಡ. ಈ ಎಂಜಿನ್ನಿನಲ್ಲಿ ವಾಲ್ವು ತೆರೆಯುವ ಕ್ಯಾಮ್ ಮತ್ತು ಲಿಫ್ಟರ್‌ಗಳು ಒಂದನ್ನೊಂದು ಉಜ್ಜುತ್ತಲೇ ಕೆಲಸ ಮಾಡುವುದರಿಂದ ಜಿಂಕ್ ಅಂಶ ಹೆಚ್ಚಿರುವ ಆಯಿಲ್ ಹಾಕುತ್ತೇನೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಮೆತ್ತಗಾಗಿ ಸೋರುವುದರಿಂದ ಇಂಧನದ ಪೈಪುಗಳನ್ನೆಲ್ಲ ಬದಲಿಸಿದೆ. ಮಿಶಿಗನ್‌ನ ಐತಿಹಾಸಿಕ ವಾಹನದ ಫಲಕ ಅಗ್ಗ, ಆದರೆ ಅದನ್ನು ಹಾಕಿದ ಕಾರನ್ನು ಪ್ರದರ್ಶನ, ಮೆರವಣಿಗೆಯಂಥ ಸಂದರ್ಭಗಳಿಗಷ್ಟೇ ಓಡಿಸಬಹುದು. ಆಗಸ್ಟ್ ತಿಂಗಳಲ್ಲಿ ಮಾತ್ರ ಎಲ್ಲಿಗೆ ಬೇಕಾದರೂ ಒಯ್ಯುವ ಅವಕಾಶವಿದೆ. ಅದೇ ತಿಂಗಳ ಮೂರನೆಯ ಶನಿವಾರ ಡೆಟ್ರಾಯ್ಟ್ ಬಳಿಯ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ 1995ರಿಂದ ನಡೆದು ಬಂದಿರುವ, ಹಳೆಯ ಕಾರುಗಳ ಮೆರವಣಿಗೆಯಾದ ಡ್ರೀಮ್ ಕ್ರೂಸ್‌ಗೆ ನಾವೂ ಹೋಗುತ್ತೇವೆ.

ಹೋದ ವಾರ ಕಾರು ತೊಳೆಯುವಾಗ ಎಡ ಹಿಂಚಕ್ರದ ಕಮಾನಿನ ಮೇಲೆ, ಬಣ್ಣದಡಿ, ಉದ್ದಿನಕಾಳಿನ ಗಾತ್ರದ ಎರಡು ಗುಳ್ಳೆ ಬೆರಳಿಗೆ ಸಿಕ್ಕವು. ಆಗಸ್ಟಿನ ಓಡಾಟ ಮುಗಿದ ಮೇಲೆ ಅಲ್ಲಿ ಕೆರೆದು ನೋಡಬೇಕು. ಸದ್ಯಕ್ಕೆ ನನ್ನ ಲೆಕ್ಕದ ಪುಸ್ತಕದಲ್ಲಿ ಅದರ ಚಿತ್ರ ಬರೆದು, ತಾರೀಖು ಹಾಕಿ, ಕಾರಿನ ಬೆಲೆಯಿಂದ 500 ಡಾಲರ್ ಕಳೆದಿದ್ದೇನೆ.